ಗಾಡಿ ಪ್ರಶ್ನೋತ್ತರ: ಪಿಕಪ್‌ಗೆ ಎ.ಟಿ. ಟೈರ್ ಹಾಕ್ಸಿದ್ರೆ ಸೊಂಟ ಉಳಿಯತ್ತಾ?

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಭಾಗ ಟೈರಿಂದೇ. ಮಳೆಗಾಲ ಹತ್ರ ಬಂದ್ರೆ ಸಾಕು, ಎಲ್ರಿಗೂ ಎ.ಟಿ. ಅಂದ್ರೆ ಆಲ್ ಟೆರೇನ್, ಟಾರ್ ರೋಡಿಗೂ ಕಚ್ಚಾ ದಾರಿಗೂ ಆಗೋ ಟೈರ್ ನೆನಪಾಗತ್ತೆ. ಹಂಗಾಗಿ ಕ್ಲಚ್ಚು, ಬ್ಯಾಟರಿ ಕೇಳಿದವ್ರೆಲ್ಲ ಮುಂದಿನ ತಿಂಗಳು ತನಕ ತಡ್ಕೊಳ್ಳಿ, ಇವತ್ತು ಬರೀ ಪಿಕಪ್ಪು, ಬರೀ ಟೈರು.

ಪ್ರಶ್ನೆ (ಮೂಡಿಗೆರೆಯಿಂದ ಕಾಫಿ ಬೆಳೆಗಾರರು): ಸರ್, ನಮ್ದು ಇಸುಝು ವಿ-ಕ್ರಾಸ್, 4×4, ಟೈರ್ ಸೈಜ್ 255/60 ಆರ್ 18. ಕಂಪನಿ ಟೈರ್ ಐವತ್ತು ಸಾವಿರ ದಾಟಿ ಸವೆದಿದೆ, ಮಳೇಲಿ ತೋಟದ ಏರು ಹತ್ತೋವಾಗ ಹಿಂದಿನ ಚಕ್ರ ಸುಮ್ನೆ ತಿರುಗತ್ತೆ. ಎ.ಟಿ. ಹಾಕ್ಸೋಣ ಅಂತ ಹೋದ್ರೆ ಅಂಗಡಿಯವ್ರು "ಹತ್ತು ಪ್ಲೈ ತಗೊಳ್ಳಿ, ಕಲ್ಲಿಗೂ ಜಗ್ಗಲ್ಲ" ಅಂತಾರೆ. ಆದ್ರೆ ಈಗಲೇ ಅಪ್ಪ ಹಿಂದಿನ ಸೀಟಲ್ಲಿ ಕೂತ್ರೆ ಸೊಂಟ ಹೋಯ್ತು ಅಂತಿದಾರೆ, ತಿಂಗಳಿಗೆ ಎರಡು ಸಲ ಅವರನ್ನ ಮಂಗಳೂರು ಆಸ್ಪತ್ರೆಗೆ ಕರ್ಕೊಂಡು ಹೋಗೋದಿದೆ. ಲೋಡು ಅಂತ ಹಾಕೋದು ಗೊಬ್ಬರದ ಮೂಟೆ, ಕೊಯ್ಲಲ್ಲಿ ಕಾಫಿ, ಅಷ್ಟೇ. ಯಾವ ಟೈರ್ ತಗೊಳ್ಳಲಿ?

ಉತ್ತರ: ಅಂಗಡಿಯವ್ರು ಹೇಳಿದ್ದು ಸುಳ್ಳಲ್ಲ ಸರ್, ಪ್ಲೈ ಅಂದ್ರೆ ಟೈರಿನ ಒಳಪದರದ ಲೆಕ್ಕ, ಹತ್ತು ಪ್ಲೈ ಅಷ್ಟು ಗಟ್ಟಿದು ಕಲ್ಲಿಗೆ ಜಗ್ಗಲ್ಲ, ಆದ್ರೆ ಗುಂಡಿಗೂ ಜಗ್ಗಲ್ಲ ನೋಡಿ, ಆ ಗುಂಡಿಯ ಏಟನ್ನ ನೇರವಾಗಿ ತಂದು ನಿಮ್ಮಪ್ಪನ ಸೊಂಟಕ್ಕೆ ಕೊಡತ್ತೆ. ನಿಮಗೆ ಅದು ಬೇಡ.

ವಿಷಯ ಏನಂದ್ರೆ ಎ.ಟಿ. ಅಂತ ಒಂದೇ ಹೆಸರಲ್ಲಿ ಎರಡು ಜಾತಿ ಟೈರ್ ಮಾರ್ತಾರೆ. ಮೇಲಿನ ಬಟನ್, ಅಂದ್ರೆ ನೆಲಕ್ಕೆ ತಾಗೋ ರಬ್ಬರ್ ಗಟ್ಟಿಗಳು, ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ, ಒಳಗಿನ ಹೊಟ್ಟೆ ಬೇರೆ. ಒಂದು ಕಾರು-ಎಸ್‌ಯುವಿ ಜಾತಿಯ ಮೈಕಟ್ಟು, ಸೈಜ್ ನಂಬರ್ ಶುರು ಆಗೋಕೆ ಮೊದಲು ಏನೂ ಇರಲ್ಲ ಅಥವಾ ಪಿ ಅಂತ ಇರತ್ತೆ. ಇನ್ನೊಂದು ಎಲ್‌ಟಿ, ಲೈಟ್ ಟ್ರಕ್ ಮೈಕಟ್ಟು, ಸೈಜ್ ನಂಬರಿಗೆ ಮೊದಲೋ ಕೊನೇಲೋ ಎಲ್‌ಟಿ ಅಂತ ಬರೆದಿರತ್ತೆ, ಜೊತೆಗೆ ಲೋಡ್ ರೇಂಜ್ ಸಿ, ಡಿ, ಇ. ಸಿ ಅಂದ್ರೆ ಆರು ಪ್ಲೈ ಲೆಕ್ಕ, ಡಿ ಎಂಟು, ಇ ಹತ್ತು, ಇದು ಗಟ್ಟಿತನದ ಲೆಕ್ಕ, ನಿಜವಾದ ಪದರ ಅಷ್ಟಿರಲ್ಲ. ಇ ಟೈರಿಗೆ ಪೂರ್ತಿ ಲೋಡ್ ಹೊರೋಕೆ 80 ಪಿಎಸ್‌ಐ ತನಕ ಗಾಳಿ ತಡ್ಕೊಳ್ಳೋ ಹಂಗೆ ಸೈಡ್‌ವಾಲ್, ಅಂದ್ರೆ ಟೈರಿನ ಪಕ್ಕದ ಗೋಡೆ, ದಪ್ಪ ಮಾಡಿರ್ತಾರೆ, ಅದೇ ಸೈಜಿನ ಮಾಮೂಲಿ ಟೈರಿಗಿಂತ ಒಂದೊಂದು ಕೆಲವು ಕೆಜಿ ಜಾಸ್ತಿ ತೂಗತ್ತೆ. ಆ ತೂಕ ಸ್ಪ್ರಿಂಗ್ ಕೆಳಗೆ ಕೂರತ್ತೆ, ಚಕ್ರ ಗುಂಡಿಗೆ ಬಿದ್ದಾಗ ಬೇಗ ಮೇಲೆ ಕೆಳಗೆ ಆಡಲ್ಲ, ದಡ್ ಅನ್ನತ್ತೆ. ನಿಮ್ಮ ಗಾಡಿಗೆ ಹಿಂದೆ ಇರೋದು ಕಮಾನ್ ಪ್ಲೇಟು, ಅದನ್ನ ಮಾಡಿರೋದೇ ಲೋಡಿಗೆ, ಹಿಂದಿನ ಲೋಡ್ ಬಕೆಟ್ ಖಾಲಿ ಇದ್ರೆ ಅದು ಮೊದಲೇ ಬಗ್ಗಲ್ಲ, ಅದರ ಕೆಳಗೆ ಬಗ್ಗದೇ ಇರೋ ಟೈರ್ ಬೇರೆ ಹಾಕಿದ್ರೆ ಮುಗೀತು ಕತೆ.

ಹಂಗಾದ್ರೆ ನೀವು ಅಂಗಡೀಲಿ ಬ್ರಾಂಡ್ ಹೆಸರು ಕೇಳೋಕೆ ಮುಂಚೆ ಸೈಡ್‌ವಾಲ್ ಓದಿ. ಸಣ್ಣ ಅಕ್ಷರದಲ್ಲಿ ಒಂದು ಕಡೆ "ಟ್ರೆಡ್" ಅಂತ ಇದ್ದು ಮುಂದೆ ಪಾಲಿಯೆಸ್ಟರ್ ಇಷ್ಟು, ಸ್ಟೀಲ್ ಇಷ್ಟು, ನೈಲಾನ್ ಇಷ್ಟು ಅಂತ ಇರತ್ತೆ, ಅದರ ಪಕ್ಕದಲ್ಲೇ "ಸೈಡ್‌ವಾಲ್" ಅಂತ ಇದ್ದು ಪಾಲಿಯೆಸ್ಟರ್ 1 ಅಥವಾ 2 ಅಥವಾ 3 ಅಂತ ಇರತ್ತೆ. ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದ್ರೆ ಕಾಣತ್ತೆ. ತೋಟದಲ್ಲಿ ಕಡಿದ ಕಾಫಿ ಗಿಡದ ಬುಡ, ಬಿದಿರು ಮೊಳೆ ಥರ ಚುಚ್ಚೋದು ಇರೋದ್ರಿಂದ ಒಂದು ಪ್ಲೈ ಸೈಡ್‌ವಾಲ್ ಸಾಲಲ್ಲ, ಮೂರು ನಿಮಗೆ ಅತಿಯಾಯ್ತು, ಎರಡು ಸರಿ.

ಆಮೇಲೆ ಲೋಡ್ ಇಂಡೆಕ್ಸ್. ಇದನ್ನ ಮಾತ್ರ ಕಂಫರ್ಟ್ ಆಸೆಗೆ ಬಿಟ್ಕೊಡೋ ಹಂಗಿಲ್ಲ. ನಿಮ್ಮ ಸೈಜಲ್ಲಿ 108 ನಂಬರಿಂದೂ ಸಿಗತ್ತೆ, 112ರದ್ದೂ ಸಿಗತ್ತೆ. 108 ಅಂದ್ರೆ ಒಂದು ಟೈರ್ 1000 ಕೆಜಿ ಹೊರತ್ತೆ, 112 ಅಂದ್ರೆ 1120 ಕೆಜಿ. ಈಗ ಗಾಡೀಲಿರೋ ಕಂಪನಿ ಟೈರ್ ಮೇಲೆ ಯಾವ ನಂಬರ್ ಇದೆಯೋ ಅದಕ್ಕಿಂತ ಕಮ್ಮೀದು ಬೇಡವೇ ಬೇಡ, ಪಿಕಪ್ಪಲ್ಲಿ ತೂಕ ಎಲ್ಲ ಹಿಂದಿನ ಎರಡರ ಮೇಲೇ ಬೀಳೋದು. ಅಮೆರಿಕದ ಟೈರ್ ಸ್ಟ್ಯಾಂಡರ್ಡ್‌ನಲ್ಲಿ ಕಾರ್ ಜಾತಿ ಪಿ ಟೈರನ್ನ ಪಿಕಪ್‌ಗೆ ಹಾಕಿದ್ರೆ ಬರೆದಿರೋ ಲೋಡನ್ನ 1.1ರಿಂದ ಭಾಗಿಸಿ ತಗೋಬೇಕು ಅಂತಲೇ ಇದೆ, ಅಂದ್ರೆ ಸಾವಿರ ಕೆಜಿ ಅಂತ ಬರೆದಿದ್ರೆ ಒಂಬೈನೂರು ಚಿಲ್ಲರೆ. ಗೊಬ್ಬರ 50 ಕೆಜಿದು ಇಪ್ಪತ್ತು ಮೂಟೆ ಹಾಕಿದ್ರೇ ಒಂದು ಟನ್ ಆಯ್ತಲ್ವಾ, ಅದಕ್ಕೇ ಹೇಳ್ತಿರೋದು.

ಇನ್ನೊಂದು ದಾರಿ ಇದೆ, ದುಡ್ಡು ಸ್ವಲ್ಪ ಜಾಸ್ತಿ ಆಗತ್ತೆ, ಆದ್ರೆ ಕಂಫರ್ಟ್ ಲೆಕ್ಕಕ್ಕೆ ನಂಗೆ ಇದೇ ಇಷ್ಟ. 18 ಇಂಚ್ ರಿಮ್ ತೆಗೆದು 17 ಇಂಚಿಗೆ ಇಳೀರಿ. 255/60 ಆರ್ 18 ಟೈರಿನ ಒಟ್ಟು ಎತ್ತರ 763 ಮಿಲಿಮೀಟರ್, ಅದರಲ್ಲಿ ಸೈಡ್‌ವಾಲ್ 153. ಅದೇ 255/65 ಆರ್ 17 ತಗೊಂಡ್ರೆ ಒಟ್ಟು ಎತ್ತರ ಮತ್ತೆ 763ಏ, ಸೈಡ್‌ವಾಲ್ ಮಾತ್ರ 166 ಹತ್ರ. ಸ್ಪೀಡೋಮೀಟರ್ ಒಂಚೂರೂ ತಪ್ಪು ತೋರಿಸಲ್ಲ, ಮಡ್‌ಗಾರ್ಡಿಗೆ ತಾಗಲ್ಲ, ಸುತ್ತಲೂ ಹದಿಮೂರು ಮಿಲಿಮೀಟರ್ ರಬ್ಬರ್ ಜಾಸ್ತಿ ಸಿಕ್ತು. ಕೊಟ್ಟಿಗೆಹಾರದ ಕಡೆ ರಸ್ತೆಯಲ್ಲಿ ಡಾಂಬರು ಅಂಚು ಕಿತ್ತು ಚೂಪಾಗಿ ನಿಂತಿರತ್ತಲ್ಲ, ಅಂಥ ಕಡೆ ರಿಮ್ ಬಗ್ಗೋದೂ ಕಮ್ಮಿ ಆಗತ್ತೆ. ಆದ್ರೆ ರಿಮ್ ತಗೊಳ್ಳೋ ಮೊದಲು ಒಂದು ಚಕ್ರ ಹಾಕಿ ಕೈಯಲ್ಲಿ ತಿರುಗಿಸಿ ನೋಡ್ಬೇಕು, ಬ್ರೇಕ್ ಕ್ಯಾಲಿಪರ್‌ಗೆ ತಾಗಬಾರದು, ರಿಮ್ ಮೇಲೂ ಲೋಡ್ ನಂಬರ್ ಇರತ್ತೆ ಅದನ್ನೂ ನೋಡಿ. ಅಗ್ಗಕ್ಕೆ ಸಿಕ್ತು ಅಂತ ಕಾರಿನ ಅಲಾಯ್ ಹಾಕಿಸ್ಬೇಡಿ.

ಯಾವ ಬ್ರಾಂಡು ಅಂತೀರಾ? ನಿಮ್ಮ ಓಡಾಟ ನೋಡಿದ್ರೆ ಟಾರ್ ರೋಡೇ ಜಾಸ್ತಿ, ತೋಟದ ಒಳಗೆ ಒಂದೆರಡು ಕಿಲೋಮೀಟರ್ ಮಾತ್ರ ಕೆಸರು. ಯೊಕೊಹಾಮಾ ಜಿಯೊಲ್ಯಾಂಡರ್ ಎ.ಟಿ. ಜಿ015 ಥರದ್ದು ಈ ಕೆಲಸಕ್ಕೆ ಸರಿಹೋಗತ್ತೆ, ಬಟನ್ ಸಾಕಷ್ಟು ಇದ್ರೂ ರೋಡಲ್ಲಿ ಮೆತ್ತಗೆ ಹೋಗತ್ತೆ. ಮಿಶೆಲಿನ್ ಎಲ್‌ಟಿಎಕ್ಸ್ ಫೋರ್ಸ್ ಇನ್ನೂ ರೋಡ್ ಕಡೆ ವಾಲಿರೋದು, ತೋಟದ ಏರು ಅಷ್ಟೇನು ಕಡಿದಾಗಿಲ್ಲ ಅಂದ್ರೆ ಅದೂ ಆಗತ್ತೆ. ಅಪೊಲೊ ಆಪ್ಟೆರಾ ಎ.ಟಿ.2, ಸಿಯಟ್ ಝಾರ್ ಎ.ಟಿ. ನಮ್ಮ ದೇಶದವು, ಸಣ್ಣ ಊರಲ್ಲೂ ಡೀಲರ್ ಇರ್ತಾರೆ ಅನ್ನೋದು ಅವುಗಳ ದೊಡ್ಡ ಪ್ಲಸ್. ಬಿಎಫ್‌ಗುಡ್‌ರಿಚ್ ಕೆಒ2 ಬಗ್ಗೆ ಎಲ್ರೂ ಹಾಡಿ ಹೊಗಳ್ತಾರೆ, ಹೊಗಳಿಕೆಗೆ ತಕ್ಕ ಟೈರೇ, ಆದ್ರೆ ಅದರ ಬಹುಪಾಲು ಸೈಜುಗಳು ಎಲ್‌ಟಿ, ಗಟ್ಟಿ, ಭಾರ. ನಿಮ್ಮಪ್ಪ ಹಿಂದೆ ಕೂರೋ ತನಕ ಅದು ಬೇಡ.

ಹಾಕ್ಸಿ ಆದ್ಮೇಲೆ ಅರ್ಧ ಕಂಫರ್ಟ್ ಗಾಳೀಲೇ ಇರೋದು. ಬಂಕಲ್ಲಿ ಹುಡುಗ "ಎಷ್ಟು ಸಾರ್" ಅಂದಾಗ "ನಲವತ್ತು ಹೊಡಿ" ಅನ್ನೋರು ನಮ್ಮಲ್ಲಿ ಜಾಸ್ತಿ. ಡ್ರೈವರ್ ಬಾಗಿಲು ತೆಗೆದ್ರೆ ಪಿಲ್ಲರ್ ಮೇಲೆ ಸ್ಟಿಕ್ಕರ್ ಇದೆ, ಖಾಲಿ ಗಾಡಿಗೆ ಎಷ್ಟು, ಲೋಡಿಗೆ ಎಷ್ಟು ನೋಡ್ಕೊಳ್ಳಿ. ಲೋಡ್ ಇಲ್ಲದ ದಿನ ಲೋಡಿನ ಗಾಳಿ ಇಟ್ಕೊಂಡು ಓಡಾಡೋದೇ ಹಿಂದಿನ ಸೀಟಿನವ್ರ ಅರ್ಧ ಕಷ್ಟ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನಿಮ್ಮದೇ ಗೇಜಲ್ಲಿ ಅಳೀರಿ, ಬಂಕಿನ ಮೀಟರ್ ನಂಬೋಕೆ ಹೋಗ್ಬೇಡಿ, 12 ವೋಲ್ಟ್ ಸಣ್ಣ ಕಂಪ್ರೆಸರ್ ಒಂದು ಸೀಟ್ ಕೆಳಗೆ ಇಟ್ಕೊಂಡ್ರೆ ಇಳಿಸೋದು ಏರಿಸೋದು ನಿಮ್ಮ ಕೈಲೇ ಇರತ್ತೆ.

ಗಾಳಿ ಸರಿ ಇದೆಯಾ ಅಂತ ನೋಡೋಕೆ ಸುಲಭದ ಉಪಾಯ: ಮಕ್ಕಳ ಸೀಮೆಸುಣ್ಣ ತಗೊಂಡು ಟೈರಿನ ಬಟನ್ ಮೇಲೆ ಈ ಭುಜದಿಂದ ಆ ಭುಜದ ತನಕ ದಪ್ಪ ಗೆರೆ ಎಳೀರಿ, ಒಣಗಿದ ಟಾರ್ ರೋಡಲ್ಲಿ ನೇರಕ್ಕೆ ಸ್ವಲ್ಪ ದೂರ ನಿಧಾನ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಸುಣ್ಣ ಅಳಿಸಿ ಎರಡು ಅಂಚಲ್ಲಿ ಹಂಗೇ ಉಳಿದಿದ್ರೆ ಗಾಳಿ ಜಾಸ್ತಿ, ಅಂಚಲ್ಲಿ ಹೋಗಿ ನಡುವೆ ಉಳಿದಿದ್ರೆ ಕಮ್ಮಿ. ಎರಡೆರಡು ಪಿಎಸ್‌ಐ ಬದಲಾಯಿಸಿ ನೋಡ್ತಾ ಬನ್ನಿ, ಆದ್ರೆ ಸ್ಟಿಕ್ಕರಲ್ಲಿ ಇರೋ ಖಾಲಿ ಗಾಡಿ ನಂಬರಿಗಿಂತ ಕೆಳಗೆ ಹೈವೇಗೆ ಹೋಗ್ಬೇಡಿ.

ಚಾರ್ಮಾಡಿ ಇಳಿಯೋವಾಗ ಒಂದು ನೆನಪಿರಲಿ. ಒದ್ದೆ ಡಾಂಬರ್ ಮೇಲೆ ಎ.ಟಿ. ಟೈರ್ ರೋಡ್ ಟೈರಿಗಿಂತ ಮೇಲು ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಬಟನ್ ದೊಡ್ಡದು, ನಡುವೆ ಖಾಲಿ ಜಾಗ ಜಾಸ್ತಿ, ಅಂದ್ರೆ ನೆಲಕ್ಕೆ ತಾಗೋ ರಬ್ಬರ್ ಕಮ್ಮಿ, ಬ್ರೇಕ್ ಹಾಕಿದ್ರೆ ನಿಲ್ಲೋಕೆ ಸ್ವಲ್ಪ ಜಾಸ್ತಿ ದೂರ ಬೇಕು. ಅದಕ್ಕೇ ತಗೊಳ್ಳೋವಾಗ ಬಟನ್ ಮೇಲೆ ಬ್ಲೇಡಲ್ಲಿ ಗೀರಿದ ಹಂಗೆ ತೆಳು ಸೀಳುಗಳು ಇದೆಯಾ ನೋಡಿ, ಒದ್ದೆ ರೋಡಲ್ಲಿ ಹಿಡಿಯೋದು ಅವೇ. ಅವು ಬಟನ್ನಿನ ಬುಡದ ತನಕ ಇಳಿದಿದ್ರೆ ಒಳ್ಳೇದು, ಮೇಲೆ ಮೇಲೆ ಇದ್ರೆ ಅರ್ಧ ಸವೆಯೋದ್ರಲ್ಲಿ ಮಾಯ.

ಪ್ರಶ್ನೆ (ಮಂಗಳೂರು ಹತ್ರದಿಂದ): ನಮ್ಮದು ಇಸುಝು ಹೈ-ಲ್ಯಾಂಡರ್ ಪಿಕಪ್ ಮಾರಾಯ್ರೆ, 4×4 ಇಲ್ಲ. ಎದುರಿನ ಎರಡು ಟೈರ್ ಚೆನ್ನಾಗಿ ಉಂಟು, ಹಿಂದಿನದ್ದು ಮಾತ್ರ ಹೋಗಿದೆ. ಹಿಂದೆ ಎರಡು ಎ.ಟಿ. ಹಾಕಿ ಎದುರು ಅದನ್ನೇ ಇಟ್ಟರೆ ಸಾಕಲ್ವಾ? ನಮ್ಮ ಮನೆಗೆ ಹೋಗುವ ದಾರಿ ಮುರಕಲ್ಲಿನದ್ದು, ಮಳೆಗೆ ಪಾಚಿ ಕಟ್ಟುತ್ತದೆ.

ಉತ್ತರ: ನಿಮ್ಮದು ಹಿಂದಿನ ಚಕ್ರಕ್ಕೆ ಮಾತ್ರ ಎಂಜಿನ್ ಶಕ್ತಿ ಹೋಗೋ ಗಾಡಿ, ಹಂಗಾಗಿ ಯಂತ್ರಕ್ಕೆ ಏನೂ ಆಗಲ್ಲ, ಏರು ಹತ್ತೋಕೂ ಉಪಯೋಗ ಆಗತ್ತೆ. ಆದ್ರೆ ಎದುರು ಒಂದು ಥರ ಹಿಂದೆ ಒಂದು ಥರ ಟೈರ್ ಇದ್ದಾಗ ಮಳೆ ರಸ್ತೆ ತಿರುವಲ್ಲಿ ಎದುರಿನದ್ದು ಹಿಡಿದು ಹಿಂದಿನದ್ದು ಜಾರತ್ತೆ, ಖಾಲಿ ಪಿಕಪ್ಪಿನ ಹಿಂಭಾಗ ಮೊದಲೇ ಹಗುರ, ಬಾಲ ಬೀಸತ್ತೆ. ಪಾಚಿ ಮೇಲೆ ಅಂತೂ ಯಾವ ಬಟನ್ನೂ ಕೆಲಸ ಮಾಡಲ್ಲ, ವರ್ಷಕ್ಕೊಂದು ಸಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ಟೈರಿಗಿಂತ ಅಗ್ಗ. ನಾನಾಗಿದ್ರೆ ಈ ಸಲ ಹಿಂದೆಯೂ ರೋಡ್ ಟೈರನ್ನೇ ಹಾಕಿ, ನಾಲ್ಕೂ ಸವೆದಾಗ ಒಟ್ಟಿಗೆ ಎ.ಟಿ.ಗೆ ಹೋಗ್ತಿದ್ದೆ.

ಇದನ್ನ ಓದಿ 4×4 ಇರೋರು ಯಾರಾದ್ರೂ ಎರಡೇ ಬದಲಾಯಿಸೋಕೆ ಹೊರಟ್ರೆ, ನಿಲ್ಲಿ. ವಿ-ಕ್ರಾಸ್ ಥರದ ಗಾಡೀಲಿ ಫೋರ್ ವೀಲ್ ಹಾಕಿದಾಗ ಎದುರು ಹಿಂದು ಎರಡೂ ಆಕ್ಸಲ್ ಒಂದೇ ವೇಗದಲ್ಲಿ ಬಿಗಿಯಾಗಿ ತಿರುಗತ್ತೆ. ಎತ್ತರ ಬೇರೆ ಬೇರೆ ಇರೋ ಟೈರ್ ಇದ್ರೆ ಆ ವ್ಯತ್ಯಾಸ ಎಲ್ಲ ಎರಡು ಆಕ್ಸಲ್ಲಿಗೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸಿನ ತಲೆ ಮೇಲೆ ಬೀಳತ್ತೆ. ಸ್ಟೆಪ್ನಿನೂ ಅದೇ ಸೈಜ್ ಇರ್ಲಿ.

ಪ್ರಶ್ನೆ (ನವಲಗುಂದದಿಂದ): ಸರ, ನಮ್ಮದು ಬೊಲೆರೊ ಕ್ಯಾಂಪರ್ ಐತ್ರಿ. ಹೊಲ ಎಲ್ಲಾ ಎರಿ. ಒಂದ ಸಲ ಮಳಿ ಆತಂದ್ರ ಗಾಡಿ ಒಳಗ ಹೋಗಂಗಿಲ್ಲ, ಟಾಯರಿಗೆ ರಾಡಿ ಮೆತ್ಕೊಂಡು ಗುಂಡಗ ಕಲ್ಲ ಆಗ್ತೈತಿ. ಆಲ್ ಟೆರೇನ್ ಹಾಕ್ಸಿದ್ರ ನಡೀತೈತೇನ್ರಿ?

ಉತ್ತರ: ಖರೇ ಹೇಳ್ಬೇಕಂದ್ರೆ ನಡಿಯಂಗಿಲ್ಲ ಅಣ್ಣಾರ. ಮಲೆನಾಡಿನ ಕೆಂಪು ಕೆಸರು ಬೇರೆ, ನಿಮ್ಮ ಎರೆಮಣ್ಣು ಬೇರೆ. ಎರೆಮಣ್ಣಲ್ಲಿರೋ ಜೇಡಿ ನೀರು ಕುಡಿದು ಉಬ್ಬತ್ತೆ, ಅಂಟಂಟಾಗಿ ಟೈರಿನ ಸಂದು ಸಂದಿಗೂ ಹೊಕ್ಕೊಂಡು ಕೂರತ್ತೆ. ಎ.ಟಿ. ಟೈರಿನ ಸಂದು ಅಷ್ಟು ಅಗಲ ಇರಲ್ಲ, ಎರಡು ಸುತ್ತು ತಿರುಗೋದ್ರಲ್ಲಿ ಬಟನ್ ಎಲ್ಲ ಮುಚ್ಚಿ ನುಣ್ಣಗಾಗತ್ತೆ, ಆಮೇಲೆ ನೀವು ಹಾಕಿರೋದು ಎ.ಟಿ.ನೋ ಬೋಳು ಟೈರೋ ಅಂತ ಗಾಡಿಗೆ ಗೊತ್ತಾಗಲ್ಲ. ಮಡ್ ಟೈರ್, ಅಂದ್ರೆ ಎಂ.ಟಿ., ಅದರ ಸಂದು ಅಗಲ, ಚಕ್ರ ಜೋರಾಗಿ ತಿರುಗಿದ್ರೆ ಮಣ್ಣು ಕೊಡವಿ ಹಾಕತ್ತೆ, ಆದ್ರೆ ಹುಬ್ಬಳ್ಳಿ ಹೈವೇಲಿ ಅದರ ಗದ್ದಲ ಕೇಳ್ಕೊಂಡು ನೀವು ವಾರಕ್ಕೆಷ್ಟು ಸಲ ಓಡಾಡ್ತೀರಿ ಯೋಚಿಸಿ.

ನಿಮ್ಮ ಕಡೆ ಅಗಲ ಟೈರಿಗಿಂತ ಅಗಲ ಕಮ್ಮಿ ಇರೋ ಟೈರೇ ಒಂದೊಂದ್ಸಲ ವಾಸಿ, ಅದು ಮೇಲಿನ ರಾಡಿ ಸೀಳ್ಕೊಂಡು ಕೆಳಗಿನ ಗಟ್ಟಿ ನೆಲ ಹುಡುಕತ್ತೆ, ಅಗಲದ್ದು ಮೇಲೇ ತೇಲಿ ಜಾರತ್ತೆ. ಕಂಪನಿ ಸೈಜಿಗೆ ಅಂಟ್ಕೊಳ್ಳಿ. ಬಿಸಿಲು ಬಿದ್ದು ಮೇಲಿನ ಪದರ ಒಣಗೋ ತನಕ ಗಾಡಿ ದಾರಿ ಮ್ಯಾಲೆ ನಿಲ್ಸಿ, ಒಳಗಿನ ಕೆಲಸ ಟ್ರ್ಯಾಕ್ಟರಿಗೆ ಬಿಡ್ರಿ. ನಿಮಗೆ ಎ.ಟಿ. ಮಾರೋಕೆ ಬಂದವರಿಗೆ, ಹೊಲದ ಬದುವಿನ ತನಕ ಬಂದು ಓಡಿಸಿ ತೋರ್ಸು ಅಂತ ಹೇಳ್ರಿ.

ಪ್ರಶ್ನೆ (ಬೆಂಗಳೂರು, ವೈಟ್‌ಫೀಲ್ಡ್‌ನಿಂದ): ಹೈಲಕ್ಸ್ ತಗೊಂಡಿದೀನಿ, 265/65 ಆರ್ 17. 285/70 ಆರ್ 17 ಹಾಕ್ಸಿದ್ರೆ ಸೈಡ್‌ವಾಲ್ ಜಾಸ್ತಿ, ಸೋ ಕಂಫರ್ಟ್ ಜಾಸ್ತಿ ಅಂತ ಫ್ರೆಂಡ್ ಹೇಳ್ತಾನೆ. ಲುಕ್ ಕೂಡ ಸಖತ್ತಾಗಿರತ್ತೆ. ಓಕೆನಾ?

ಉತ್ತರ: ಲುಕ್ ವಿಷಯದಲ್ಲಿ ನಿಮ್ಮ ಫ್ರೆಂಡ್ ಜೊತೆ ನಂದು ಜಗಳ ಇಲ್ಲ. ಸೈಡ್‌ವಾಲ್ ಲೆಕ್ಕನೂ ಸರಿ, 172 ಮಿಲಿಮೀಟರ್ ಇದ್ದಿದ್ದು ಹತ್ರ ಹತ್ರ 200 ಆಗತ್ತೆ. ಆದ್ರೆ ಟೈರಿನ ಒಟ್ಟು ಎತ್ತರ 776ರಿಂದ 831ಕ್ಕೆ ಹೋಯ್ತು, ಶೇಕಡ 7 ಜಾಸ್ತಿ. ಮೀಟರಲ್ಲಿ 100 ತೋರಿಸೋವಾಗ ನೀವು ಈಗಿಗಿಂತ 7 ಕಿಲೋಮೀಟರ್ ಜೋರಾಗಿ ಹೋಗ್ತಿರ್ತೀರಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಮಡ್‌ಗಾರ್ಡಿಗೆ ಉಜ್ಜತ್ತೆ, ಅದಕ್ಕೆ ಸಸ್ಪೆನ್ಷನ್ ಎತ್ತಿಸ್ಬೇಕು, ಎತ್ತಿಸಿದ್ಮೇಲೆ ಅಲೈನ್‌ಮೆಂಟು, ಹೆಡ್‌ಲೈಟು ಎಲ್ಲ ಹೊಸದಾಗಿ ಹೊಂದಿಸ್ಬೇಕು. ಇಷ್ಟಕ್ಕೂ ಈ ಸೈಜಲ್ಲಿ ಬರೋದು ಹೆಚ್ಚಾಗಿ ಎಲ್‌ಟಿ, ಆ ಭಾರ ನೀವು ಸೈಡ್‌ವಾಲಲ್ಲಿ ಗಳಿಸಿದ ಮೆತ್ತಗೆತನಾನ ತಿಂದುಹಾಕತ್ತೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನಿಂತು ನಿಂತು ಹೊರಡೋವಾಗ ಎಂಜಿನ್ ಏದುಸಿರು ಬಿಡೋದು ನಿಮಗೇ ಕೇಳತ್ತೆ, ಡೀಸೆಲ್ ಖರ್ಚು ಹೇಳೋದೇ ಬೇಡ.

ಇನ್ಶೂರೆನ್ಸ್ ಕ್ಲೈಮ್, ಎಫ್‌ಸಿ, ಪೊಲೀಸ್ ಅಂತ ಬಂದಾಗ ಅದೇ ಮಾಡಲ್‌ನ ಬೇರೆ ವೇರಿಯಂಟ್‌ಗೆ ಕಂಪನಿಯೇ ಕೊಟ್ಟಿರೋ ಸೈಜ್ ಇದ್ರೆ ತಲೆನೋವಿಲ್ಲ. ಹೈಲಕ್ಸಿಗೆ ಅಂಥವು ಎರಡು, ನಿಮ್ಮದು ಮತ್ತೆ 265/60 ಆರ್ 18. ಎರಡರ ಎತ್ತರನೂ ಒಂದು ಮಿಲಿಮೀಟರ್ ಆಚೀಚೆ. ಕಂಫರ್ಟೇ ಬೇಕು ಅಂದ್ರೆ ದೇವರು ನಿಮಗೆ ಆಗಲೇ 17 ಇಂಚ್ ಕೊಟ್ಟಿದಾನೆ, ಅದೇ ಸೈಜಲ್ಲಿ ಒಳ್ಳೆ ಮೆತ್ತನೆ ಎ.ಟಿ. ನೋಡಿ.

ಪ್ರಶ್ನೆ (ಹಾಸನದಿಂದ): ಎ.ಟಿ. ಹಾಕ್ಸಿದಾಗ ಸದ್ದೇ ಇರಲಿಲ್ಲ, ಈಗ ಎಂಬತ್ತು ದಾಟಿದ್ರೆ ಗುಂಯ್ ಅನ್ನತ್ತೆ. ಮೆಕ್ಯಾನಿಕ್ ವೀಲ್ ಬೇರಿಂಗ್ ಹೋಗಿದೆ ಅಂತಾರೆ, ಬದಲಾಯಿಸಿದ್ವಿ, ಆದ್ರೂ ಸದ್ದು ಹೋಗ್ಲಿಲ್ಲ. ಏನಿದು?

ಉತ್ತರ: ಅಂಗೈ ಇಟ್ಟು ನೋಡಿ. ಗಾಡಿ ನಿಲ್ಲಿಸಿ ಟೈರಿನ ಭುಜದ ಬಟನ್‌ಗಳ ಮೇಲೆ ಮುಂದಕ್ಕೆ ಸವರಿ, ಆಮೇಲೆ ಹಿಂದಕ್ಕೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಥರ ಕೈಗೆ ತಾಗಿದ್ರೆ ಸದ್ದು ಅಲ್ಲಿಂದಾನೇ ಬರ್ತಿರೋದು. ಪ್ರತಿ ಬಟನ್ನಿನ ಒಂದು ಅಂಚು ಇನ್ನೊಂದಕ್ಕಿಂತ ಬೇಗ ಸವೆದು ಏಣಾಗಿರತ್ತೆ, ತಿರುಗೋವಾಗ ಒಂದೊಂದೇ ಏಣು ರೋಡಿಗೆ ಬಡಿಯತ್ತೆ, ವೇಗ ಬಂದಾಗ ಅದೇ ಗುಂಯ್ ಆಗತ್ತೆ. ಕಂಪನಿಗಳು ಬಟನ್ನುಗಳನ್ನ ಬೇಕಂತಲೇ ಬೇರೆ ಬೇರೆ ಉದ್ದಕ್ಕೆ ಮಾಡಿರ್ತಾರೆ, ಒಂದೇ ಸ್ವರ ಎದ್ದು ಕೇಳದಿರ್ಲಿ ಅಂತ, ಆದ್ರೆ ಹಿಂಗೆ ಸವೆದ್ಮೇಲೆ ಆ ಜಾಣತನ ನಡೆಯಲ್ಲ.

ಕಾರಣ ಹೆಚ್ಚಾಗಿ ಟೈರ್ ಅದಲು ಬದಲು ಮಾಡಿಸದೇ ಇರೋದು, ಜೊತೆಗೆ ಗಾಳಿ, ಅಲೈನ್‌ಮೆಂಟು. ಎ.ಟಿ.ಗೆ ಎಂಟರಿಂದ ಹತ್ತು ಸಾವಿರ ಕಿಲೋಮೀಟರಿಗೆ ಒಂದ್ಸಲ ಎದುರಿಂದು ಹಿಂದೆ, ಹಿಂದಿಂದು ಎದುರು ಹಾಕ್ಸಲೇಬೇಕು, ಸ್ಟೆಪ್ನಿ ಅದೇ ಟೈರ್ ಆಗಿದ್ರೆ ಅದನ್ನೂ ಸುತ್ತಿಗೆ ಸೇರಿಸಿ ಐದೂ ಒಟ್ಟಿಗೆ ಸವೆಸಿ. ಟೈರ್ ಮೇಲೆ ತಿರುಗೋ ದಿಕ್ಕಿನ ಬಾಣದ ಗುರುತಿದ್ರೆ ಮಾತ್ರ ಎಡಗಡೇದು ಎಡಕ್ಕೇ ಇರ್ಲಿ. ಈಗ ಬಂದಿರೋ ಸದ್ದು ಒಂದೇ ಸಲಕ್ಕೆ ಹೋಗಲ್ಲ, ಜಾಗ ಬದಲಾಯಿಸಿ ಒಂದೆರಡು ಸಾವಿರ ಕಿಲೋಮೀಟರ್ ಓಡಿದ್ಮೇಲೆ ನಿಧಾನಕ್ಕೆ ತಗ್ಗತ್ತೆ. ಹಳೇ ಬೇರಿಂಗ್ ಬಿಸಾಕಿಲ್ಲ ತಾನೆ?

ಪ್ರಶ್ನೆ (ಅಮೆರಿಕದ ಮಿನೆಸೋಟಾದಿಂದ): ಇಲ್ಲಿ ಫೋರ್ಡ್ ರೇಂಜರ್ ಓಡಿಸ್ತೀನಿ. ಎ.ಟಿ. ಟೈರ್ ಮೇಲೆ ಬೆಟ್ಟ ಮತ್ತೆ ಹಿಮದ ಹರಳಿನ ಚಿತ್ರ ಇದ್ರೆ ಚಳಿಗಾಲಕ್ಕೆ ಬೇರೆ ಸ್ನೋ ಟೈರ್ ಬೇಡ ಅಂತಾರೆ ಇಲ್ಲಿನ ಕನ್ನಡ ಗೆಳೆಯರು. ನಿಜನಾ?

ಉತ್ತರ: ಅರ್ಧ ನಿಜ. ಬರೀ ಎಂ+ಎಸ್ (ಮಡ್ ಮತ್ತೆ ಸ್ನೋ) ಅಂತ ಇರೋದು ಬಟನ್ನಿನ ಆಕಾರ ನೋಡಿ ಕಂಪನಿ ತಾನೇ ಹಾಕ್ಕೊಳ್ಳೋ ಗುರುತು, ಅದಕ್ಕೆ ಹಿಮದ ಪರೀಕ್ಷೆ ಇಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರೋ ಗುರುತಿಗೆ ಮಾತ್ರ ನಿಜವಾದ ಟೆಸ್ಟ್ ಇದೆ. ಆದ್ರೆ ನಿಮ್ಮ ದೇಶದ ಆ ಟೆಸ್ಟು ಒತ್ತಿದ ಹಿಮದ ಮೇಲೆ ಟೈರ್ ಎಷ್ಟು ಚೆನ್ನಾಗಿ ಮುಂದಕ್ಕೆ ಎಳೆಯತ್ತೆ ಅನ್ನೋದು, ಮಂಜುಗಡ್ಡೆ ಮೇಲೆ ಬ್ರೇಕ್ ಹಾಕಿದ್ರೆ ಎಲ್ಲಿ ನಿಲ್ಲತ್ತೆ ಅನ್ನೋದಲ್ಲ. ನಿಮ್ಮೂರಲ್ಲಿ ಸೊನ್ನೆಗಿಂತ ಕೆಳಗೆ ವಾರಗಟ್ಟಲೆ ಇರತ್ತೆ, ಎ.ಟಿ. ರಬ್ಬರ್ ಆ ಚಳೀಲಿ ಬಿಗಿಯತ್ತೆ, ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಇರತ್ತೆ. ದಿನಾ ಬೆಳಿಗ್ಗೆ ರಸ್ತೆ ಕೆರೆಯೋಕೆ ಮುಂಚೆ ಹೊರಡೋರಾದ್ರೆ ಬೇರೆ ಸೆಟ್ ಇಟ್ಕೊಳ್ಳಿ, ಮನೆಯಿಂದ ಕೆಲಸ ಮಾಡೋರಾದ್ರೆ ಗುರುತಿರೋ ಎ.ಟಿ. ಸಾಕು. ಅಲ್ಲೂ ಅಂಗಡಿಯವ್ರು ಎಲ್‌ಟಿ ಕಡೆಗೇ ತಳ್ತಾರೆ, ಟ್ರೇಲರ್ ಎಳೆಯಲ್ಲ ಅಂದ್ರೆ ಬೇಡ ಅನ್ನಿ.

ಪ್ರಶ್ನೆ (ಕೋಲಾರದಿಂದ): ಅಣ್ಣಾ, ಟೊಮೇಟೊ ಬಾಡಿಗೆಗೆ ಬೊಲೆರೊ ಪಿಕಪ್ ಓಡಿಸ್ತೀನಿ. ನೀವು ಹೋದ ಸಂಚಿಕೇಲಿ ಎಸ್‌ಯುವಿ ಎ.ಟಿ. ಮೆತ್ತಗಿರತ್ತೆ ಅಂದಿದ್ರಿ. ಒಂದು ಸೆಟ್ ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ, ಹೊಸದರ ಥರಾನೇ ಇದೆ. ಹಾಕಿಬಿಡ್ಲಾ?

ಉತ್ತರ: ಹಾಕಬೇಡಿ ತಮ್ಮಾ. ಆ ಮಾತು ಖಾಲಿ ಓಡಾಡೋ ಮನೆ ಗಾಡಿಗೆ. ನಿಮ್ಮದು ಕ್ರೇಟ್ ಮೇಲೆ ಕ್ರೇಟ್ ಏರಿಸಿ ಮಂಡಿಗೆ ಓಡೋ ಗಾಡಿ, ಅದಕ್ಕೆ ಎಲ್‌ಟಿ ಟೈರೇ ಬೇಕು, ಲೋಡ್ ನಂಬರು ಕಂಪನಿ ಕೊಟ್ಟಿದ್ದಕ್ಕಿಂತ ಒಂದೂ ಕಮ್ಮಿ ಇರಬಾರದು. ಎಸ್‌ಯುವಿ ಟೈರ್ ಪೂರ್ತಿ ಲೋಡಲ್ಲಿ, ಏಪ್ರಿಲ್ ಬಿಸಿಲಲ್ಲಿ, ಚೆನ್ನೈ ಹೈವೇ ಮೇಲೆ ಸೈಡ್‌ವಾಲ್ ಬಾಗಿ ಬಾಗಿ ಕಾದು ಸಿಡಿಯತ್ತೆ. ಎಲ್‌ಟಿಯಲ್ಲೂ ಎ.ಟಿ. ಬಟನ್ ಸಿಗತ್ತೆ, ಜಾಲಿ ಮುಳ್ಳಿನ ಹೊಲಕ್ಕೆ ಇಳಿಯೋ ಕೆಲಸ ಜಾಸ್ತಿ ಇದ್ರೆ ಅದನ್ನ ತಗೊಳ್ಳಿ, ಇಲ್ಲ ಅಂದ್ರೆ ಹಿಂದಿನ ಎರಡಕ್ಕೆ ಅಡ್ಡ ಬಟನ್ನಿನ ಮಾಮೂಲಿ ಲಗ್ ಟೈರ್, ಎದುರಿಗೆ ಸುತ್ತಲೂ ಉದ್ದ ಗೆರೆ ಇರೋ ಗೆರೆ ಟೈರ್, ಬಾಡಿಗೆ ಗಾಡಿಯವ್ರು ಸುಮ್ನೆ ಹಂಗೆ ಹಾಕಲ್ಲ.

ಇನ್ನು ಆ ಸೆಕೆಂಡ್ ಹ್ಯಾಂಡ್ ಸೆಟ್ಟು. ಹೊಸದರ ಥರ ಇದೆ ಅನ್ನೋದು ಬಟನ್ ನೋಡಿ ಹೇಳೋ ಮಾತು, ರಬ್ಬರಿನ ವಯಸ್ಸು ಬೇರೆ. ಸೈಡ್‌ವಾಲ್ ಮೇಲೆ ಡಿ.ಒ.ಟಿ. ಅಂತ ಇರೋ ಸಾಲಿನ ಕೊನೇಲಿ ಮೊಟ್ಟೆ ಆಕಾರದ ಚೌಕಟ್ಟಲ್ಲಿ ನಾಲ್ಕು ಅಂಕಿ ಇರತ್ತೆ, 2319 ಅಂತಿದ್ರೆ 2019ರ 23ನೇ ವಾರ ಮಾಡಿದ್ದು. ಹೆಚ್ಚಾಗಿ ಟೈರಿನ ಒಂದು ಪಕ್ಕದಲ್ಲಿ ಮಾತ್ರ ಇರೋದ್ರಿಂದ ಹೊರಗೆ ಕಾಣಿಸ್ಲಿಲ್ಲ ಅಂದ್ರೆ ತಿರುಗಿಸಿ ಒಳಪಕ್ಕ ನೋಡಿ. 2020ರ ಜೂನಲ್ಲಿ ಸರ್ಕಾರ ಹೊರದೇಶದ ಟೈರ್ ಆಮದಿಗೆ ಲೈಸೆನ್ಸ್ ಬೇಕು ಅಂತ ಮಾಡಿದ್ಮೇಲೆ ಕೆಲವು ಸೈಜು ಸಿಗೋದೇ ಕಷ್ಟ ಆಯ್ತು, ಹಳೇ ಸ್ಟಾಕು ಗೋಡೌನಲ್ಲಿ ಕೂತು ಕೂತು ಹೊಸದರ ಬೆಲೆಗೆ ಮಾರಿಹೋದವೂ ಇವೆ, ಹಂಗಾಗಿ ಹೊಸ ಟೈರ್ ಬಿಲ್ಲು ಹಾಕಿಸ್ಕೊಳ್ಳೋವಾಗಲೂ ಈ ನಾಲ್ಕು ಅಂಕಿ ನೋಡದೇ ದುಡ್ಡು ಕೊಡಬೇಡಿ, ಬಿಲ್ಲಲ್ಲೇ ಬರೆಸ್ಕೊಳ್ಳಿ. ಐದೂ ಟೈರಿಂದು ಬೇರೆ ಬೇರೆ ಇರಬಹುದು, ಒಂದು ನೋಡಿ ಸುಮ್ಮನಾಗ್ಬೇಡಿ.